ಸಿಟ್ಟಿಗೆ ಎದುರಿಗಿದ್ದವರೊಬ್ಬರೇ ಕಾರಣವಲ್ಲ

ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತರೆ ಸಾಕು, ಸೀಟಿನ ಜಗಳ ಒಂದಾದರೂ ಕಣ್ಣಿಗೆ ಬೀಳುತ್ತದೆ. ಬಸ್ಸು ಇನ್ನೂ ನಿಂತಿರುವುದಿಲ್ಲ, ಕೆಳಗಿನಿಂದಲೇ ಕಿಟಕಿಯೊಳಗೆ ಟವೆಲ್ ತೂರಿಸಿ ಸೀಟು ಹಿಡಿದವರು ಒಬ್ಬರು. ನೂಕುನುಗ್ಗಲಲ್ಲಿ ಬಾಗಿಲಿಂದ ಹತ್ತಿ, ಆ ಟವೆಲ್ಲನ್ನು ಬದಿಗೆ ಸರಿಸಿ ಕೂತವರು ಇನ್ನೊಬ್ಬರು. "ಟವೆಲ್ ಕಾಣ್ಲಿಲ್ಲೇನ್ರೀ?" "ಟವೆಲ್‌ಗೂ ಟಿಕೆಟ್ ತಗೊಂಡೀರೇನು?" ಮಾತು ಇನ್ನೂ ಎರಡೇ ಆಗಿವೆ. ಆದರೆ ಟವೆಲ್‌ನವರ ಮುಖ ನೋಡಿ. ಹುಬ್ಬುಗಳೆರಡೂ ಕೆಳಗಿಳಿದು ಹತ್ತಿರ ಬಂದಿವೆ. ತುಟಿ ಬಿಗಿದು ತೆಳ್ಳಗಾಗಿದೆ. ಮೂಗಿನ ಹೊಳ್ಳೆ ಅರಳಿದೆ. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಒಂದು ಗಂಟು ಎದ್ದು ಎದ್ದು ಇಳಿಯುತ್ತಿದೆ. ಹಲ್ಲು ಕಡಿಯುವಾಗ ಕೆಲಸ ಮಾಡುವ ಸ್ನಾಯು ಅದು. ಕೊರಳ ನರ ಉಬ್ಬಿದೆ. ಕಂಬಿ ಹಿಡಿದ ಕೈ ಬಿಗಿಯಾಗಿದೆ. ಈಗ ಯಾರಾದರೂ ಸಿಟ್ಟು ಬಂತೇ ಎಂದು ಕೇಳಿದರೆ, "ನನಗ್ಯಾಕ ಸಿಟ್ಟು ಬರ್ತದ? ನ್ಯಾಯ ಕೇಳಕತ್ತೀನಿ" ಅಂದಾರು. ಅವರೇನೂ ಸುಳ್ಳು ಹೇಳುತ್ತಿಲ್ಲ. ಸುದ್ದಿ ಮೈಗೆ ಮುಟ್ಟಿದೆ, ಅವರಿಗಿನ್ನೂ ಮುಟ್ಟಿಲ್ಲ.

ಸಿಟ್ಟಿಗೆ ಕಾರಣ ಕೇಳಿದರೆ ನಮ್ಮೆಲ್ಲರ ಬೆರಳೂ ಎದುರಿಗಿದ್ದವರ ಕಡೆಗೇ ಹೋಗುತ್ತದೆ. ಅವನು ಹಾಗಂದ, ಅವಳು ಹೀಗೆ ಮಾಡಿದಳು. ಅದು ಅರ್ಧ ಲೆಕ್ಕ. ಆ ಗಳಿಗೆಗೆ ಬಂದು ಮುಟ್ಟುವ ಹೊತ್ತಿಗೆ ಮೈ ಯಾವ ಸ್ಥಿತಿಯಲ್ಲಿತ್ತು ಅನ್ನುವುದು ಉಳಿದರ್ಧ. ರಾತ್ರಿ ಎಷ್ಟು ನಿದ್ದೆಯಾಗಿತ್ತು, ಹೊಟ್ಟೆಗೆ ಏನು ಬಿದ್ದಿತ್ತು, ಎಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದರು, ಸೊಂಟ ನೋಯುತ್ತಿತ್ತೇ, ಬೆಳಿಗ್ಗೆ ಸಾಲ ಕೊಟ್ಟವರ ಫೋನು ಬಂದಿತ್ತೇ. ಈ ಎರಡನೆಯ ಲೆಕ್ಕವನ್ನು ಜಗಳದ ಹೊತ್ತಿನಲ್ಲಿ ಯಾರೂ ತೆಗೆಯುವುದಿಲ್ಲ. ನಮ್ಮ ಈ ಬಿಸಿಲುನಾಡಿನಲ್ಲಂತೂ ಅದನ್ನು ತೆಗೆದು ನೋಡುವುದು ಬಹಳ ಅಗತ್ಯ ಎಂಬುದು ನನ್ನ ಅಭಿಪ್ರಾಯ.

ಮೊದಲು ಮೈಯೊಳಗೆ ನಡೆಯುವುದನ್ನು ನೋಡೋಣ. ಕಂಡದ್ದು, ಕೇಳಿದ್ದು ಮೆದುಳಿಗೆ ಮುಟ್ಟಿದ ಕೂಡಲೇ ಅದರಲ್ಲಿ ನಮಗೆ ತೊಂದರೆ ತರುವಂಥದ್ದು ಏನಾದರೂ ಇದೆಯೇ ಎಂದು ತೂಗಿ ನೋಡುವ ಭಾಗಗಳಿವೆ. ಅವುಗಳಲ್ಲಿ ಹೆಚ್ಚು ಹೆಸರು ಕೇಳಿಬರುವುದು ಅಮಿಗ್ಡಲಾ: ಮೆದುಳಿನ ಒಳಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ, ಬಾದಾಮಿ ಬೀಜದ ಆಕಾರದ ಪುಟ್ಟ ಗಂಟುಗಳು. ಅದೇ ಸಿಟ್ಟಿನ ಕೇಂದ್ರ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಚಿತ್ರಗಳು ಹೇಳುತ್ತವೆ. ಅಷ್ಟು ಸರಳವಿಲ್ಲ, ಭಯವಾದಾಗಲೂ, ಹೊಸದೇನನ್ನೋ ಕಂಡಾಗಲೂ ಅದು ಚುರುಕಾಗುತ್ತದೆ. ಅಲ್ಲಿಂದ ಸುದ್ದಿ ಹೈಪೋಥಲಾಮಸ್ ಎಂಬ ಭಾಗಕ್ಕೆ ಹೋಗುತ್ತದೆ. ಅದು ಮೈಗೆ ಎರಡು ದಾರಿಯಲ್ಲಿ ಅಪ್ಪಣೆ ಕಳಿಸುತ್ತದೆ. ಒಂದು ನರಗಳ ದಾರಿ. ನಮ್ಮ ಇಚ್ಛೆಗೆ ಒಳಪಡದ ನರಮಂಡಲದ ಸಿಂಪಥೆಟಿಕ್ ಎಂಬ ಶಾಖೆಯಿಂದ ಒಂದೆರಡು ಸೆಕೆಂಡಿನಲ್ಲೇ ಹೃದಯದ ಬಡಿತ ಏರುತ್ತದೆ. ಇನ್ನೊಂದು ರಕ್ತದ ದಾರಿ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಬಿಡುತ್ತವೆ. ಸ್ವಲ್ಪ ತಡವಾಗಿ, ಅದೇ ಗ್ರಂಥಿಗಳ ಹೊರಪದರದಿಂದ ಕಾರ್ಟಿಸಾಲ್ ಬರುತ್ತದೆ.

ಸಿಟ್ಟು, ಭಯ, ನೋವು, ಹಸಿವುಗಳಲ್ಲಿ ಮೈ ಹೇಗೆ ಬದಲಾಗುತ್ತದೆ ಎಂಬುದನ್ನು ವ್ಯವಸ್ಥಿತವಾಗಿ ಬರೆದಿಟ್ಟವರು ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್. ಅವರ ಪುಸ್ತಕ ಬಂದದ್ದು 1915ರಲ್ಲಿ. ಈ ಏರ್ಪಾಡೆಲ್ಲ ಕಾದಾಡಲು ಇಲ್ಲವೇ ಓಡಿಹೋಗಲು ಮೈ ಮಾಡಿಕೊಳ್ಳುವ ತಯಾರಿ ಎಂಬುದು ಅವರ ವಿವರಣೆ. ಹಾಗೆ ನೋಡಿದರೆ ಒಂದೊಂದು ಲಕ್ಷಣಕ್ಕೂ ಅರ್ಥ ಸಿಗುತ್ತದೆ. ತೋಳು ತೊಡೆಗಳಿಗೆ ಹೆಚ್ಚು ರಕ್ತ ಬೇಕು, ಅದಕ್ಕೆ ಎದೆ ಹೊಡೆದುಕೊಳ್ಳುತ್ತದೆ, ಬಿ.ಪಿ. ಏರುತ್ತದೆ. ಹೆಚ್ಚು ಗಾಳಿ ಬೇಕು, ಅದಕ್ಕೆ ಹೊಳ್ಳೆ ಅರಳಿ ಉಸಿರು ಜೋರಾಗುತ್ತದೆ. ಸ್ನಾಯುಗಳಿಗೆ ಸಕ್ಕರೆ ಬೇಕು, ಯಕೃತ್ತು ತನ್ನಲ್ಲಿದ್ದುದನ್ನು ರಕ್ತಕ್ಕೆ ಬಿಡುತ್ತದೆ. ಊಟ ಅರಗಿಸುವ ಕೆಲಸ ಸದ್ಯಕ್ಕೆ ಬೇಡ, ಹೊಟ್ಟೆಯ ಕಡೆಗೆ ಹೋಗುವ ರಕ್ತ ಕಡಿಮೆಯಾಗಿ ಹೊಟ್ಟೆ ಹಿಡಿದಂತಾಗುತ್ತದೆ, ಬಾಯಿ ಒಣಗುತ್ತದೆ. ಬಿಗಿದ ಸ್ನಾಯುಗಳ ಮೇಲೆ ಅಡ್ರಿನಲಿನ್ ಕೆಲಸ ಮಾಡುವುದರಿಂದ ಕೈ ನಡುಗುತ್ತದೆ. ಜಗಳದಲ್ಲಿ ಕೈ ನಡುಗಿದವರನ್ನು ಹೆದರಿದರು ಎಂದು ಆಡಿಕೊಳ್ಳುವವರಿದ್ದಾರೆ. ನಡುಕ ಎರಡಕ್ಕೂ ಒಂದೇ.

ಭಯಕ್ಕೂ ಸಿಟ್ಟಿಗೂ ವ್ಯತ್ಯಾಸ ಕಾಣುವುದು ಬೆರಳಿನಲ್ಲಿ. ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್‌ಮನ್, ರಾಬರ್ಟ್ ಲೆವೆನ್ಸನ್ ಮತ್ತು ವ್ಯಾಲೆಸ್ ಫ್ರೀಸನ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಟ್ಟಿನಲ್ಲೂ ಭಯದಲ್ಲೂ ಎದೆಬಡಿತ ಏರಿತು. ಆದರೆ ಬೆರಳಿನ ತಾಪ ಸಿಟ್ಟಿನಲ್ಲಿ ಮೇಲೇರಿತು, ಭಯದಲ್ಲಿ ಏರಲಿಲ್ಲ. ಹೆದರಿದಾಗ ಕೈ ತಣ್ಣಗಾಗುವುದು, ಸಿಟ್ಟು ಬಂದಾಗ ಅಂಗೈ, ಕಿವಿ, ಕೆನ್ನೆ ಬಿಸಿಯಾಗುವುದು ನಮಗೆಲ್ಲ ಗೊತ್ತಿರುವುದೇ. ಭಯ ಹಿಂದಕ್ಕೆ ಎಳೆಯುತ್ತದೆ, ಸಿಟ್ಟು ಮುಂದಕ್ಕೆ ನೂಕುತ್ತದೆ. ಜಗಳ ನೋಡುವಾಗ ಮಾತು ಕೇಳಿಸದಿದ್ದರೂ ಯಾರು ಒಂದು ಹೆಜ್ಜೆ ಮುಂದೆ ಬಂದರು, ಯಾರ ಎದೆ ಸೆಟೆಯಿತು ಎಂಬುದರಲ್ಲೇ ಮುಂದಿನದು ತಿಳಿಯುವುದು ಅದಕ್ಕೇ.

ಎಲ್ಲರ ಮೈಯೂ ಒಂದೇ ಥರ ಮಾತಾಡುವುದಿಲ್ಲ. ಕೆಲವರ ದನಿ ಏರುತ್ತದೆ, ಕೆಲವರ ದನಿ ಇಳಿದು ಚೂಪಾಗುತ್ತದೆ. ಕೆಲವರಿಗೆ ಮೊದಲು ತಲೆ ಧಿಂ ಅನ್ನುತ್ತದೆ, ಕೆಲವರು ಕಾಲು ಅಲ್ಲಾಡಿಸಲು ಶುರು ಮಾಡುತ್ತಾರೆ. ಕೆಲವರಿಗೆ ಕಣ್ಣೀರೇ ಬರುತ್ತದೆ, ಅದರಲ್ಲೂ ತಿರುಗಿ ಮಾತಾಡಲು ಅವಕಾಶವಿಲ್ಲದ ಕಡೆ. ಮನೆಯ ಹೆಣ್ಣುಮಗಳು ನ್ಯಾಯವಾದ ಕಾರಣಕ್ಕೇ ಸಿಟ್ಟಾಗಿ ಕಣ್ಣು ತುಂಬಿಕೊಂಡರೆ "ಅಳಾಕ ಶುರು ಮಾಡಿದ್ಲು" ಎಂದು ಮಾತು ಮುಗಿಸಿಬಿಡುತ್ತಾರೆ. ಅಲ್ಲಿಗೆ ಅವಳ ಸಿಟ್ಟನ್ನು ಯಾರೂ ಲೆಕ್ಕಕ್ಕೆ ಹಿಡಿದಂತಾಗಲಿಲ್ಲ.

ಸಿಟ್ಟಿಗೆ ಮೈ ಹೀಗೆ ಬದಲಾಗುವುದನ್ನು ಬಿ.ಪಿ. ಯಂತ್ರದಲ್ಲೇ ನೋಡಬೇಕೆಂದರೆ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸರದಿಯಲ್ಲಿ ಕೂರಬೇಕು. ಚೀಟಿ ಮಾಡಿಸುವಲ್ಲಿ ಯಾರೋ ನಡುವೆ ನುಗ್ಗಿದರೆಂದು ಕೂಗಾಡಿ ಬಂದ ಹಿರಿಯರೊಬ್ಬರು ನೇರವಾಗಿ ತೋಳು ಚಾಚುತ್ತಾರೆ. ಸಿಸ್ಟರ್ ಪಟ್ಟಿ ಸುತ್ತುವುದಿಲ್ಲ. "ಕಾಕಾ, ಐದು ನಿಮಿಷ ಸುಮ್ನ ಕುಂತ್ಕೋರಿ. ಬೆನ್ನು ಗ್ವಾಡಿಗೆ ಆನಿಸ್ರಿ, ಮಾತಾಡಬ್ಯಾಡ್ರಿ. ಈಗ ನೋಡಿದ್ರ ನಿಮ್ಮ ಬಿ.ಪಿ. ಬರಂಗಿಲ್ಲ, ನಿಮ್ಮ ಜಗಳದ ಬಿ.ಪಿ. ಬರ್ತದ." ಅಳೆಯುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಬೇಕು ಎಂಬುದು ವೈದ್ಯಕೀಯ ನಿಯಮವೇ. ಗದ್ದಲದಲ್ಲಿ ಎಷ್ಟೋ ಕಡೆ ಅದು ತಪ್ಪಿಹೋಗುತ್ತದೆ.

ಐದು ನಿಮಿಷಕ್ಕೆ ಎಲ್ಲವೂ ಇಳಿಯುತ್ತದೆಯೇ? ಇಲ್ಲ. ರಕ್ತದಲ್ಲಿರುವ ಅಡ್ರಿನಲಿನ್ ಎರಡು ಮೂರು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಆದರೆ ಕಾರ್ಟಿಸಾಲ್ ಏರಿ ತುದಿ ಮುಟ್ಟುವುದೇ ಘಟನೆ ನಡೆದು 20-30 ನಿಮಿಷದ ಆಸುಪಾಸಿಗೆ. ಒಲೆ ಆರಿಸಿದ ಮೇಲೂ ರೊಟ್ಟಿ ಹಂಚು ಬಹಳ ಹೊತ್ತು ಕಾದೇ ಇರುತ್ತದಲ್ಲ, ಹಾಗೆ. 2024ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 280 ಆರೋಗ್ಯವಂತರನ್ನು ಗುಂಪುಗಳಾಗಿ ಮಾಡಿ, ಒಂದು ಗುಂಪಿನವರಿಗೆ ಸಿಟ್ಟು ತರಿಸಿದ ಹಳೆಯ ಸಂಗತಿಯೊಂದನ್ನು ಎಂಟು ನಿಮಿಷ ನೆನೆಯಲು ಹೇಳಿದರು. ಜಗಳವಿಲ್ಲ, ಕೂಗಾಟವಿಲ್ಲ, ಬರೀ ನೆನಪು. ಅಷ್ಟಕ್ಕೇ ಅವರ ರಕ್ತನಾಳಗಳು ಹಿಗ್ಗುವ ಶಕ್ತಿ ಕುಂದಿತು, ಆ ಪರಿಣಾಮ 40 ನಿಮಿಷದವರೆಗೂ ಕಂಡಿತು. "ಸಿಟ್ಟು ಇರುವುದು 90 ಸೆಕೆಂಡ್ ಮಾತ್ರ" ಎಂಬ ಸಂದೇಶ ನಿಮಗೂ ಬಂದಿರಬಹುದು. ನಂಬಿ ತೊಂಬತ್ತೊಂದನೆಯ ಸೆಕೆಂಡಿಗೆ ಮಾತಿಗಿಳಿಯಬೇಡಿ.

ಹಂಚು ಕಾದಿರುವಾಗ ಇನ್ನೊಂದು ಅಪಾಯವಿದೆ. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್ಮನ್ 1970ರ ದಶಕದಲ್ಲಿ ತೋರಿಸಿದ್ದು ಇದನ್ನು: ವ್ಯಾಯಾಮದಿಂದ ಮೈ ಕಾವೇರಿದವರನ್ನು ಕೆಣಕಿದರೆ ಸುಮ್ಮನೆ ಕೂತವರಿಗಿಂತ ಹೆಚ್ಚು ಕೆರಳುತ್ತಾರೆ. ಎದೆ ಹೊಡೆದುಕೊಳ್ಳುತ್ತಿರುವುದು ಸೈಕಲ್ ತುಳಿದಿದ್ದಕ್ಕೆ ಎಂಬುದು ಮರೆತುಹೋಗಿ, ಎಲ್ಲವೂ ಎದುರಿಗಿದ್ದವನ ಖಾತೆಗೆ ಜಮಾ ಆಗುತ್ತದೆ. ಬಸ್ಸಿಗಾಗಿ ಓಡಿ ಬಂದವರು, ತಲೆಯ ಮೇಲೆ ಚೀಲ ಹೊತ್ತು ಮೆಟ್ಟಿಲು ಹತ್ತಿದವರು ಸೀಟಿಗಾಗಿ ಕಾದಾಡುವುದರಲ್ಲಿ ಈ ಪಾಲೂ ಇದೆ.

ಇನ್ನು ಮನಸ್ಸಿನ ಪಾಲು. ಕೊಪ್ಪಳದ ಗವಿಮಠದ ಜಾತ್ರೆಯ ನೂಕುನುಗ್ಗಲಲ್ಲಿ ಯಾರೋ ನಿಮ್ಮ ಕಾಲು ತುಳಿದರು ಎಂದುಕೊಳ್ಳಿ. ಜೀವ ಹೋದಂತಾಗಿ ಹಿಂತಿರುಗಿದಿರಿ. ತುಳಿದದ್ದು ಕಣ್ಣು ಮಂಜಾದ ಅಜ್ಜಿಯಾದರೆ "ಇರ್ಲಿ ಬಿಡಬೇ" ಎಂದು ನೀವೇ ಕೈ ಹಿಡಿದು ದಾಟಿಸುತ್ತೀರಿ. ಮೊಬೈಲ್ ನೋಡುತ್ತ ನಡೆದ ಹುಡುಗನಾದರೆ ಬೈಗುಳ ನಾಲಿಗೆಯ ತುದಿಗೆ ಬಂದಿರುತ್ತದೆ. ಬೇಕೆಂದೇ ತುಳಿದು ನಕ್ಕವನಾದರೆ ಕೇಳುವುದೇ ಬೇಡ. ಕಾಲು ಒಂದೇ, ನೋವೂ ಒಂದೇ. ಸಿಟ್ಟು ಬರುವುದು ನೋವಿಗಷ್ಟೇ ಅಲ್ಲ. ಇದು ತಪ್ಪಿಸಬಹುದಾಗಿದ್ದ ತಪ್ಪು, ಇದಕ್ಕೆ ಹೊಣೆಗಾರ ಇವನು ಎಂಬ ತೀರ್ಪಿಗೆ. ಆ ತೀರ್ಪು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ, ನಾವು ಕೊಟ್ಟೆವೆಂದೇ ತಿಳಿಯುವುದಿಲ್ಲ. ಅವಮಾನ, ಮಾತು ತಪ್ಪಿದ್ದು, ಕೈಗೆ ಬಂದ ಕೆಲಸಕ್ಕೆ ಅಡ್ಡಿಯಾದದ್ದು, ಎಲ್ಲರಿಗೂ ಸಿಕ್ಕು ತನಗೆ ಮಾತ್ರ ಸಿಗದೆ ಹೋದದ್ದು, ಇವೆಲ್ಲ ಇದೇ ಜಾತಿಯವು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಅವೆರಿಲ್ 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಜನಸಾಮಾನ್ಯರ ದಿನನಿತ್ಯದ ಸಿಟ್ಟುಗಳನ್ನು ಕೇಳಿ ಬರೆದುಕೊಂಡಾಗ ಹೆಚ್ಚಿನವರು ಹೇಳಿದ್ದು ಇಂಥವನ್ನೇ.

ಅವೆರಿಲ್ ಕಂಡುಕೊಂಡ ಇನ್ನೊಂದು ಸಂಗತಿ: ಸಿಟ್ಟು ಹೆಚ್ಚಾಗಿ ಹರಿಯುವುದು ವೈರಿಗಳ ಕಡೆಗಲ್ಲ, ಪರಿಚಯದವರ, ಪ್ರೀತಿಯವರ ಕಡೆಗೆ. ನಿರೀಕ್ಷೆ ಇದ್ದಲ್ಲಿ ತಾನೇ ತೀರ್ಪೂ ಇರುವುದು? ಇದರ ಜೊತೆಗೆ ನಮ್ಮ ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಇಳಿಯುವ ವ್ಯವಹಾರವೂ ಸೇರಿಕೊಳ್ಳುತ್ತದೆ. ಸಿಟ್ಟು ಬಂದರೆ ನನಗೆ ಮೈಮೇಲೆ ಎಚ್ಚರ ಇರುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಗಂಡಸರನ್ನು ಗಮನಿಸಿದ್ದೇನೆ. ಅವರ ಎಚ್ಚರ ಸಾಹೇಬರ ಮುಂದೆ, ಪೊಲೀಸರ ಮುಂದೆ, ಬಡ್ಡಿ ಸಾಲ ಕೊಟ್ಟವರ ಮುಂದೆ ಒಮ್ಮೆಯೂ ತಪ್ಪುವುದಿಲ್ಲ. ಮನೆಯ ಹೊಸ್ತಿಲು ದಾಟಿದ ಮೇಲೆಯೇ ತಪ್ಪುತ್ತದೆ.

ಇದಕ್ಕೆ ಮೆದುಳಿನಲ್ಲೂ ಆಧಾರವಿದೆ. ಹಣೆಯ ಹಿಂದಿರುವ ಮುಂಭಾಗದ ಮೆದುಳು ತಡೆ ಹಾಕುವ ಕೆಲಸ ಮಾಡುತ್ತದೆ. ಫಿಲಿಪ್ ಬಾರ್ಡ್ ಎಂಬ ವಿಜ್ಞಾನಿ 1928ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ (ಇದು ನಿಜವಾದ ಕೊತ್ತಿಯ ಮೇಲೆಯೇ ನಡೆದದ್ದು) ಮೆದುಳಿನ ಮೇಲ್ಪದರ ತೆಗೆದ ಬೆಕ್ಕುಗಳು ಮೆತ್ತಗೆ ಮುಟ್ಟಿದರೂ ಕೂದಲು ನಿಮಿರಿಸಿ, ಉಗುರು ಚಾಚಿ ಬುಸುಗುಟ್ಟಿದವು. ಹೈಪೋಥಲಾಮಸ್‌ನ ಹಿಂಭಾಗವನ್ನೂ ತೆಗೆದಾಗ ಆ ರೌದ್ರ ನಿಂತಿತು. ಅಂದರೆ ಸಿಟ್ಟಿನ ಯಂತ್ರ ಕೆಳಗಿದೆ, ಅದರ ಬ್ರೇಕು ಮೇಲಿದೆ. ಮನುಷ್ಯರಲ್ಲಿ ಈ ಬ್ರೇಕು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಕುಡಿತ ಅದನ್ನು ಸಡಿಲ ಮಾಡುತ್ತದೆ, ನಿದ್ದೆಗೇಡೂ ಹಾಗೆಯೇ.

ನಿದ್ದೆಯ ವಿಷಯ ನಮ್ಮ ಕಡೆ ದೊಡ್ಡದು. ಏಪ್ರಿಲ್-ಮೇನಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿ ರಾತ್ರಿಯಿಡೀ ಆ ಬಿಸಿಯನ್ನು ಒಳಗೆ ಇಳಿಸುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳು ಇಷ್ಟು ಕಾಡುತ್ತಿರಲಿಲ್ಲ. ಮೇಲೆ ಹೋಗಿ ಹಾಸಿಕೊಂಡು ಮಲಗುತ್ತಿದ್ದರು. ತಗಡಿನ ಶೆಡ್ಡಿನಲ್ಲಿ ಇರುವವರ ಪಾಡು ಹೇಳುವುದೇ ಬೇಡ. ಕರೆಂಟು ಹೋಯಿತೆಂದರೆ ಅಂದಿನ ನಿದ್ದೆ ಮುಗಿದಂತೆ. 2007ರ ಒಂದು ಅಧ್ಯಯನದಲ್ಲಿ ಒಂದಿಡೀ ರಾತ್ರಿ ನಿದ್ದೆಗೆಟ್ಟವರಿಗೆ ಮನಸ್ಸು ಕದಡುವ ಚಿತ್ರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದಾಗ, ಚೆನ್ನಾಗಿ ಮಲಗಿದವರಿಗಿಂತ ಅವರ ಅಮಿಗ್ಡಲಾ ಶೇ 60ರಷ್ಟು ಹೆಚ್ಚು ಕೆರಳಿತ್ತು. ಮುಂಭಾಗದ ಮೆದುಳಿನೊಂದಿಗೆ ಅದರ ಸಂಪರ್ಕವೂ ಸಡಿಲಾಗಿತ್ತು.

ಬಿಸಿಲೂ ನೇರವಾಗಿಯೇ ಕೆಲಸ ಮಾಡುತ್ತದೆ. ಮೈ ತಣಿಸಲು ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸಬೇಕಾಗಿ ಹೃದಯ ಆಗಲೇ ಜೋರಾಗಿ ಬಡಿಯುತ್ತಿರುತ್ತದೆ, ಬೆವರು ಹರಿದು ನೀರಿನಂಶ ಕಡಿಮೆಯಾಗಿರುತ್ತದೆ. ಸಿಟ್ಟಿನ ಅರ್ಧ ತಯಾರಿ ಸೂರ್ಯನೇ ಮಾಡಿ ಇಟ್ಟಿರುತ್ತಾನೆ. ಇದನ್ನು ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರದಲ್ಲಿ, ನಮ್ಮಂಥದೇ ಬಿಸಿಲಿನ ಊರಿನಲ್ಲಿ, ಡಗ್ಲಸ್ ಕೆನ್ರಿಕ್ ಮತ್ತು ಸ್ಟೀವನ್ ಮ್ಯಾಕ್‌ಫರ್ಲೇನ್ ಚಂದದ ಉಪಾಯದಿಂದ ಪರೀಕ್ಷಿಸಿದರು. ಸಿಗ್ನಲ್‌ನಲ್ಲಿ ಹಸಿರು ದೀಪ ಬಂದರೂ ಮುಂದಿನ ಕಾರು ಕದಲಲಿಲ್ಲ, ಬೇಕೆಂದೇ. ಹಿಂದಿನವರು ಎಷ್ಟು ಬೇಗ, ಎಷ್ಟು ಹೊತ್ತು ಹಾರನ್ ಬಾರಿಸುತ್ತಾರೆ ಎಂದು ಎಣಿಸಿದರು. ಬಿಸಿಲೇರಿದಷ್ಟೂ ಹಾರನ್ ಹೆಚ್ಚಿತು, ಎ.ಸಿ. ಇಲ್ಲದೆ ಕಿಟಕಿ ಇಳಿಸಿಕೊಂಡವರಲ್ಲಂತೂ ಎದ್ದು ಕಂಡಿತು. ಅವರ ವರದಿ ಬಂದದ್ದು 1986ರಲ್ಲಿ. ಬಳ್ಳಾರಿಯ ಯಾವುದೇ ಸಿಗ್ನಲ್‌ನಲ್ಲಿ ಈ ಪ್ರಯೋಗ ಮಾಡಬೇಕೆಂದರೆ ಕಾರು ನಿಲ್ಲಿಸುವ ಅಗತ್ಯವೂ ಇಲ್ಲ, ಕೆಂಪು ದೀಪವಿದ್ದಾಗಲೇ ಹಾರನ್ ಶುರುವಾಗಿರುತ್ತದೆ.

ಹಸಿವಿನ ಸಿಟ್ಟು ಎಲ್ಲರಿಗೂ ಗೊತ್ತು. ರಕ್ತದಲ್ಲಿ ಸಕ್ಕರೆ ಇಳಿದಾಗ ಅದನ್ನು ಮೇಲೆತ್ತಲು ಮೈ ಬಳಸುವುದು ಅಡ್ರಿನಲಿನ್ ಮತ್ತು ಕಾರ್ಟಿಸಾಲ್‌ಗಳನ್ನೇ. ಹಾಗಾಗಿ ಯಾರೂ ಕೆಣಕದಿದ್ದರೂ ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಸಿಡಿಮಿಡಿ ಶುರುವಾಗುತ್ತದೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇದನ್ನು ತಿಳಿದಿರಲೇಬೇಕು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡ ಹಿರಿಯರು, ಯಾರದೋ ಮಾತಿಗೆ ಕಟ್ಟೆಯ ಮೇಲೆ ಕೂತು ನಾಷ್ಟಾ ತಡ ಮಾಡಿದ್ದಾರೆ. ಒಳಗೆ ಬಂದವರೇ, "ಒಂದು ರೊಟ್ಟಿ ಬಡಿಯಾಕ ಎಷ್ಟೊತ್ತು ಬೇಕು ನಿಮಗ?" ಎಂದು ತಾಟು ನೂಕುತ್ತಾರೆ. ಎಂದೂ ಹಾಗೆ ಅಂದವರಲ್ಲ. ಸೊಸೆ ಎದುರು ಮಾತಾಡದೆ ಅವರ ಹಣೆ ನೋಡುತ್ತಾಳೆ: ತಂಪು ಹೊತ್ತಿನಲ್ಲೂ ಬೆವರು, ನಡುಗುವ ಬೆರಳು, ನಿಲ್ಲದ ನೋಟ. "ಮಾವಾರ, ಮೊದ್ಲು ಇದನ್ನ ಕುಡೀರಿ, ಆಮ್ಯಾಲ ಬೈಯುವಿರಂತ" ಎಂದು ಮೂರು ಚಮಚ ಸಕ್ಕರೆ ಕದಡಿದ ನೀರು ಕೊಡುತ್ತಾಳೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮಾಡಬೇಕಾದದ್ದು ಅದೇ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಇಂಥ ಹೊತ್ತಿನಲ್ಲಿ "ವಯಸ್ಸಾದ ಮ್ಯಾಲ ಸಿಟ್ಟು ಜಾಸ್ತಿ ಆಗೈತಿ" ಎಂದು ಸುಮ್ಮನಾಗುವುದು ಅಪಾಯ.

ಮೈಯ ಇನ್ನಷ್ಟು ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದ್ದರೆ ಸಿಡುಕುತನ, ಎದೆಬಡಿತ, ತೂಕ ಇಳಿಯುವುದು ಒಟ್ಟಿಗೆ ಬರುತ್ತವೆ. ಬೀಡಿ, ಗುಟ್ಕಾ ಬಿಟ್ಟ ಮೊದಲ ದಿನಗಳಲ್ಲಿ ಸಿಟ್ಟು ಬರುವುದು ನಿಕೋಟಿನ್ ಸಿಗದ ಕಾರಣಕ್ಕೆ. ಕೆಲವು ವಾರಗಳಲ್ಲಿ ಇಳಿಯುತ್ತದೆ. ವರ್ಷಗಟ್ಟಲೆಯ ಮಂಡಿನೋವು, ಬೆನ್ನುನೋವು ಮನುಷ್ಯನನ್ನು ಸಿಡುಕ ಮಾಡುತ್ತವೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾರ್ಮೋನುಗಳ ಏರಿಳಿತವೂ ಕೆಲಸ ಮಾಡುತ್ತದೆ. ಖಿನ್ನತೆ ಎಂದರೆ ಮೂಲೆ ಹಿಡಿದು ಕೂರುವುದು ಎಂದೇ ನಾವು ಅಂದುಕೊಂಡಿದ್ದೇವೆ. ಎಷ್ಟೋ ಗಂಡಸರಲ್ಲಿ, ಹದಿಹರೆಯದವರಲ್ಲಿ ಅದು ಸಿಟ್ಟಿನ ವೇಷದಲ್ಲೇ ಬರುತ್ತದೆ.

ಹಾಗಾದರೆ ಬಂದ ಸಿಟ್ಟನ್ನು ಏನು ಮಾಡುವುದು? ಹೊರಗೆ ಹಾಕಿಬಿಡು, ಹಗುರಾಗುತ್ತೀ ಎಂಬ ಸಲಹೆ ಬಹಳ ಹಳೆಯದು. ಬ್ರಾಡ್ ಬುಷ್‌ಮನ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ತರಿಸಿದವರನ್ನು ನೆನೆಯುತ್ತ ಮರಳಿನ ಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯುವ ಬದಲು ಏರಿತ್ತು. ಏನೂ ಮಾಡದೆ ಸುಮ್ಮನೆ ಕೂತವರ ಸಿಟ್ಟೇ ಅವರಿಗಿಂತ ಕಡಿಮೆಯಿತ್ತು. 2024ರಲ್ಲಿ ಸೋಫಿ ಶೆರ್ವಿಕ್ ಜೊತೆ ಅವರು 154 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಅದೇ ಬಂತು: ಮೈಯ ಕಾವು ಇಳಿಸುವ ನಿಧಾನದ ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವುದು ಸಿಟ್ಟನ್ನೂ ಇಳಿಸುತ್ತವೆ; ಕಾವು ಏರಿಸುವಂಥವು ಒಟ್ಟಾರೆ ಇಳಿಸುವುದಿಲ್ಲ, ಓಟವಂತೂ ಏರಿಸಿದ್ದೇ ಹೆಚ್ಚು. ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವುದು ನಮ್ಮ ಕಾಲದ ಮರಳಿನ ಚೀಲ. ಅದಕ್ಕಾದರೆ ತಿರುಗಿ ಹೊಡೆಯುವ ಕೈಗಳೂ ಇವೆ.

ಹಾಗೆಂದು ನುಂಗಿಕೊಂಡರೂ ಸಾಗದು. ಮುಖದಲ್ಲಿ ಏನೂ ತೋರದಂತೆ ಬಿಗಿಹಿಡಿದವರ ಮೈಯೊಳಗಿನ ಒತ್ತಡ ಇನ್ನೂ ಹೆಚ್ಚುತ್ತದೆ ಎಂಬುದನ್ನು ಜೇಮ್ಸ್ ಗ್ರಾಸ್, ಲೆವೆನ್ಸನ್ 1990ರ ದಶಕದಲ್ಲಿ ತೋರಿಸಿದ್ದಾರೆ. ಮಾಡಬಹುದಾದದ್ದು ಇವೆರಡರ ನಡುವೆ ಇದೆ: ಕಾವು ಇಳಿಯುವ ತನಕ ಮಾತು ಮುಂದೂಡುವುದು, ಇಳಿದ ಮೇಲೆ ಬಿಡದೆ ಆಡುವುದು. ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಟ್ಟರೆ ವೇಗಸ್ ಎಂಬ ನರದ ಮೂಲಕ ಎದೆಬಡಿತ ಇಳಿಯುತ್ತದೆ. ನಿಮಿಷಕ್ಕೆ ಆರರಷ್ಟು ಉಸಿರು ಸಾಕು. ಮುಖಕ್ಕೆ ತಣ್ಣೀರು ಎರಚಿಕೊಂಡರೂ ಬಡಿತ ತಗ್ಗುತ್ತದೆ. ಮೇ ತಿಂಗಳಲ್ಲಿ ನಮ್ಮ ನಲ್ಲಿಯಲ್ಲಿ ತಣ್ಣೀರು ಎಲ್ಲಿ ಬರಬೇಕು, ಮಣ್ಣಿನ ಮಡಿಕೆಯದೇ ಗತಿ. ಇದಕ್ಕೆಲ್ಲ ಸಮಯ ಸಿಗಬೇಕಾದರೆ ಸಿಟ್ಟಿನ ಮೊದಲ ಗುರುತನ್ನು ಹಿಡಿಯಬೇಕು. ನಿಮ್ಮ ದವಡೆಯೋ, ಕಿವಿಯ ಬಿಸಿಯೋ, ಕಾಲಿನ ಅಲ್ಲಾಟವೋ ಮನೆಯವರನ್ನು ಕೇಳಿ ನೋಡಿ. ಅವರಿಗೆ ಬಹಳ ಹಿಂದೆಯೇ ಗೊತ್ತಿರುತ್ತದೆ.

ಇಲ್ಲೊಂದು ಮಾತನ್ನು ಬಿಡುವಂತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರಿಗೆ ನೀರು ಮುಟ್ಟದೆ ಹೋದಾಗ ಬರುವ ಸಿಟ್ಟು ನಿದ್ದೆಗೇಡಿನದಲ್ಲ, ಹಸಿವಿನದೂ ಅಲ್ಲ. ಮೇಲ್ಭಾಗದಲ್ಲಿ ಭತ್ತ ನಿಂತಿರುತ್ತದೆ, ಇಲ್ಲಿ ಹಾಕಿದ ಬೆಳೆ ಒಣಗುತ್ತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ ತುಂಬಿದ ನೀರು ಕಣ್ಣೆದುರೇ ಹರಿದು ಹೋದಾಗ ನಾಲ್ಕು ಜಿಲ್ಲೆಯ ರೈತರಿಗೆ ಬಂದ ಸಿಟ್ಟೂ ಇಂಥದೇ. ಅಲ್ಲಿ ತೀರ್ಪು ಸರಿಯಾಗಿಯೇ ಇದೆ: ತಪ್ಪಿಸಬಹುದಾಗಿದ್ದ ಅನ್ಯಾಯ, ಹೊಣೆ ಹೊರಬೇಕಾದವರು ಇದ್ದಾರೆ. ನಿಮಿಷಕ್ಕೆ ಆರು ಉಸಿರೆಳೆದರೆ ಉಪಕಾಲುವೆಗೆ ನೀರು ಬರುವುದಿಲ್ಲ. ಪಾದಯಾತ್ರೆ, ಮನವಿ, ರಸ್ತೆ ತಡೆ ಹುಟ್ಟುವುದು ಆ ಸಿಟ್ಟಿನಿಂದಲೇ. ಸಿಟ್ಟಿನ ನಿರ್ವಹಣೆಯ ಪಾಠ ಹೇಳುವವರು ಯಾರಿಗೆ, ಯಾರ ಪರವಾಗಿ ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕು. ನ್ಯಾಯದ ಸಿಟ್ಟಿರುವ ಮೈಯಲ್ಲೂ ಬಿ.ಪಿ. ಏರುತ್ತದೆ ಅನ್ನುವುದು ಮಾತ್ರ ನಿಜ.

ಹೃದಯಕ್ಕೆ ಅದರಿಂದ ಎಷ್ಟು ಪೆಟ್ಟು? ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಜೋರಾಗಿ ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಾಧ್ಯತೆ ಉಳಿದ ಹೊತ್ತಿಗಿಂತ ಐದು ಪಟ್ಟಿನ ಹತ್ತಿರ ಏರುತ್ತದೆ, ಲಕ್ವಾದ ಸಾಧ್ಯತೆ ಮೂರು ಪಟ್ಟಿಗಿಂತ ಹೆಚ್ಚು. ಕೇಳಲು ಭಯವಾಗುತ್ತದೆ. ಆದರೆ ಆರೋಗ್ಯವಂತರಲ್ಲಿ ಮೂಲ ಸಾಧ್ಯತೆಯೇ ಬಹಳ ಸಣ್ಣದಾಗಿರುವುದರಿಂದ ಅಪರೂಪಕ್ಕೊಮ್ಮೆ ಸಿಟ್ಟಾದರೆ ಹೆಚ್ಚಾಗುವ ಅಪಾಯವೂ ತೀರಾ ಸಣ್ಣದು. ಆಗಲೇ ಬಿ.ಪಿ., ಸಕ್ಕರೆ, ಹೃದಯದ ತೊಂದರೆ ಇದ್ದು ದಿನಕ್ಕೆ ಹಲವು ಸಲ ಸಿಟ್ಟಾಗುವವರ ಲೆಕ್ಕ ಬೇರೆ. ಜಗಳದ ನಡುವೆ ಎದೆ ಹಿಂಡಿದಂತಾಗಿ ಎಡತೋಳಿಗೋ ದವಡೆಗೋ ನೋವು ಹರಿದರೆ ಅದನ್ನು ಗ್ಯಾಸು ಎನ್ನಬಾರದು.

ಸಿಟ್ಟಿನಲ್ಲಿ ಕೈ ಎತ್ತುವುದು, ಸಾಮಾನು ಒಡೆಯುವುದು, ತನಗೇ ಗಾಯ ಮಾಡಿಕೊಳ್ಳುವುದು, ಮಕ್ಕಳು ಹೆಜ್ಜೆ ಸಪ್ಪಳಕ್ಕೇ ಮೂಲೆ ಸೇರುವುದು, ಇವು ಶುರುವಾಗಿದ್ದರೆ ಡಾಕ್ಟರನ್ನು ಕಾಣುವ ಹೊತ್ತಾಗಿದೆ. ಹಾಗೆ ಹೋಗುವುದಕ್ಕೆ ನಮ್ಮವರು ನಾಚಿಕೊಳ್ಳಬೇಕಿಲ್ಲ. ದೇಶಕ್ಕೇ ಈ ದಾರಿ ತೋರಿಸಿದ್ದು ಬಳ್ಳಾರಿ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿದರು. ಮನೋರೋಗಕ್ಕೆಂದು ದೂರದ ದೊಡ್ಡಾಸ್ಪತ್ರೆಗೆ ಹೋಗುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲಿಯೇ ಗುರುತಿಸಿ, ಔಷಧಿ ಕೊಡುವ ಪ್ರಯೋಗ. ಅದು ನಡೆದು ತೋರಿಸಿದ್ದರಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರಾಷ್ಟ್ರಮಟ್ಟದಲ್ಲಿ ಶುರುವಾಯಿತು. ಇಂದಿಗೂ ಅದನ್ನು ಬಳ್ಳಾರಿ ಮಾದರಿ ಎಂದೇ ಕರೆಯುತ್ತಾರೆ. ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹೋಗಲು ಮನಸ್ಸಾಗದಿದ್ದರೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಬಳಿ ಹೋಗುವಾಗ ಯಾರ ಮೇಲೆ ಸಿಟ್ಟು ಬರುತ್ತದೆ ಎಂಬ ಪಟ್ಟಿಗಿಂತ ಬೇರೆ ಕೆಲವನ್ನು ಬರೆದುಕೊಂಡು ಹೋದರೆ ಅವರಿಗೆ ಹೆಚ್ಚು ಅನುಕೂಲ. ದಿನದ ಯಾವ ಹೊತ್ತಿಗೆ ಬರುತ್ತದೆ, ಹಿಂದಿನ ರಾತ್ರಿ ಎಷ್ಟು ತಾಸು ನಿದ್ದೆಯಾಗಿತ್ತು, ಊಟವಾಗಿ ಎಷ್ಟು ಹೊತ್ತಾಗಿತ್ತು, ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಿ, ಕುಡಿತ ಅಥವಾ ತಂಬಾಕು ಎಷ್ಟು, ಮೈಯಲ್ಲಿ ಮೊದಲು ಏನಾಗುತ್ತದೆ. ಗುಳಿಗೆಯ ಸ್ಟ್ರಿಪ್‌ಗಳನ್ನು ಹೆಸರು ಕಾಣುವಂತೆ ಚೀಲದಲ್ಲಿ ಹಾಕಿಕೊಳ್ಳಿ. ಜೊತೆಗೆ ಮನೆಯವರು ಒಬ್ಬರು ಬಂದರೆ ಒಳ್ಳೆಯದು. ಡಾಕ್ಟರು ಅವರನ್ನು ಬೇರೆಯಾಗಿಯೂ ಒಮ್ಮೆ ಮಾತಾಡಿಸಬಹುದು. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.